ಯಾವ ಪುಟವನ್ನು ಎರಡನೇ ಸಲ ಓದಿದೆ?

ಶಿವಮೊಗ್ಗದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಲೈಬ್ರರಿ ನಮ್ಮದು. ಸ್ವಲ್ಪ ಠೇವಣಿ ಇಟ್ಟು ಸದಸ್ಯರಾದರೆ ಪುಸ್ತಕದ ಬೆಲೆಯ ಹತ್ತರಲ್ಲೊಂದು ಭಾಗ ಬಾಡಿಗೆ. ಬರುವವರಲ್ಲಿ ಹೆಚ್ಚಿನವರು ಮನೆ ನಡೆಸುವ ಹೆಂಗಸರು, ನಿವೃತ್ತ ಶಿಕ್ಷಕಿಯರು, ಹೈಸ್ಕೂಲು ಮತ್ತು ಪಿಯುಸಿ ಹುಡುಗಿಯರು. ಇವರೆಲ್ಲ ಕೇಳುವುದು ಸಾಮಾಜಿಕ ಕಾದಂಬರಿ. ಪ್ರೀತಿ, ಮದುವೆ, ಅತ್ತೆಮನೆ, ಕೆಲಸಕ್ಕೆ ಹೋಗುವ ಹುಡುಗಿ, ತಪ್ಪು ತಿಳಿವಳಿಕೆ, ಕೊನೆಗೆ ಒಂದಾಗುವುದು. ಇಂಥ ಪುಸ್ತಕಗಳನ್ನು ಯಾರಿಗೆ ಯಾವುದು ಎಂದು ಆರಿಸಿ ಕೊಡುವುದೇ ನನ್ನ ಕೆಲಸದ ಬಹುಪಾಲು. ಅದನ್ನು ನಾನು ಹೇಗೆ ಮಾಡುತ್ತೇನೆ ಎಂದು ಬರೆಯುತ್ತಿದ್ದೇನೆ. ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವರಿಗೆ, ಮಗಳಿಗೆ ಕನ್ನಡ ಪುಸ್ತಕ ಹುಡುಕುತ್ತಿರುವ ತಾಯಂದಿರಿಗೆ ಇದು ಉಪಯೋಗಕ್ಕೆ ಬರಬಹುದು.

ಪುಸ್ತಕ ಕೇಳಿ ಬಂದವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಹಿಂದಿನ ಪುಸ್ತಕದಲ್ಲಿ ಯಾವ ಪುಟವನ್ನು ಎರಡನೇ ಸಲ ಓದಿದಿರಿ? "ಎಂಥ ಕಥೆ ಇಷ್ಟ" ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ, "ಒಳ್ಳೆಯ ಕಥೆ". ಹುಡುಗಿಯರಂತೂ ಪಕ್ಕದಲ್ಲಿ ಅಮ್ಮ ನಿಂತಿದ್ದರೆ "ನೀತಿ ಇರುವ ಕಥೆ" ಎಂದುಬಿಡುತ್ತಾರೆ. ಎರಡು ಸಲ ಓದಿದ ಪುಟದ ವಿಷಯ ಕೇಳಿದಾಗ ಮುಖ ಬದಲಾಗುತ್ತದೆ, ನಿಜವಾದ ಉತ್ತರ ಬರುತ್ತದೆ.

ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಸಾಯಿಸುತೆಯವರ ಕಾದಂಬರಿಗಳನ್ನು ಒಂದರ ಹಿಂದೊಂದು ಓದುತ್ತಿದ್ದಳು. ಸಾಯಿಸುತೆ ನೂರಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ, ಹಾಗಾಗಿ ಅವಳಿಗೆ ಸದ್ಯಕ್ಕೆ ಕೊರತೆಯೇನೂ ಇರಲಿಲ್ಲ. ಆದರೂ ಒಂದು ಸಂಜೆ ಬಂದು, "ಆಂಟಿ, ಇದೇ ತರಹದ್ದು, ಆದರೆ ಬೇರೆಯವರು ಬರೆದದ್ದು ಇದೆಯಾ?" ಎಂದಳು. ನಾನು ನನ್ನ ಪ್ರಶ್ನೆ ಕೇಳಿದೆ. ನಾಯಕ ನಾಯಕಿ ಸೇರುವ ಕೊನೆಯ ಪುಟವನ್ನು ಹೇಳುತ್ತಾಳೆ ಎಂದು ಯಾರಾದರೂ ಊಹಿಸುತ್ತಾರೆ. ಅವಳು ಹೇಳಿದ್ದು ಬೇರೆ. ನಾಯಕಿ ಮೊದಲ ಸಂಬಳ ತಂದು ತಂದೆಯ ಕೈಗೆ ಕೊಡುವ ಜಾಗ. "ಅಪ್ಪ ಏನೂ ಮಾತಾಡುವುದಿಲ್ಲ ಆಂಟಿ, ಸುಮ್ಮನೆ ಎಣಿಸುತ್ತಾರೆ. ಅದನ್ನು ಮೂರು ಸಲ ಓದಿದೆ."

ಅಂದರೆ ಆ ಹುಡುಗಿಗೆ ಬೇಕಿದ್ದದ್ದು ಪ್ರೇಮಕಥೆ ಮಾತ್ರವಲ್ಲ, ತನ್ನ ಕಾಲ ಮೇಲೆ ನಿಲ್ಲುವ ಹೆಣ್ಣಿನ ಕಥೆ. ಅವಳ ಕೈಗೆ ಉಷಾ ನವರತ್ನರಾಂ ಅವರ 'ಹೊಂಬಿಸಿಲು' ಕೊಟ್ಟೆ. ಡಾಕ್ಟರುಗಳ ಕಥೆ, 1978ರಲ್ಲಿ ಸಿನಿಮಾ ಆದದ್ದು. ಅದು ಮುಗಿದ ಮೇಲೆ ಅವರದೇ 'ಬಂಧನ'. ಆಮೇಲೆ ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರ ಕಡೆಗೆ ಹೋದಳು. ಪ್ರೇಮ ಎಂಬ ಒಂದೇ ಹಣೆಪಟ್ಟಿ ನೋಡಿ ಇನ್ನೊಂದು ಪ್ರೇಮಕಥೆ ಕೊಟ್ಟಿದ್ದರೆ ಅವಳು ಅದನ್ನೂ ಓದುತ್ತಿದ್ದಳು, ಆದರೆ ಹುಡುಕುತ್ತಿದ್ದದ್ದು ಸಿಗುತ್ತಿರಲಿಲ್ಲ.

ಈ ಪ್ರಶ್ನೆ ಫಲ ಕೊಡಬೇಕಾದರೆ ಕೇಳುವವರು ಆ ಪುಸ್ತಕಗಳನ್ನು ಓದಿರಬೇಕು. ಇದರಲ್ಲಿ ಅಡ್ಡದಾರಿ ಇಲ್ಲ. ಬೆನ್ನುಪುಟ ಓದಿ, ಸಿನಿಮಾ ನೋಡಿ, ಯಾರೋ ಹೇಳಿದ್ದು ಕೇಳಿ ಪುಸ್ತಕ ಕೊಟ್ಟರೆ ಹುಡುಗಿಯರು ಎರಡನೇ ಸಲಕ್ಕೆ ಕಂಡುಹಿಡಿಯುತ್ತಾರೆ. ಮಧ್ಯಾಹ್ನ ಅಂಗಡಿ ಮುಚ್ಚಿರುವ ಹೊತ್ತು ನನ್ನ ಓದಿನ ಹೊತ್ತು. ವಾಣಿ, ಎಚ್.ಜಿ. ರಾಧಾದೇವಿ, ಸಿ.ಎನ್. ಮುಕ್ತಾ ಎಲ್ಲರನ್ನೂ ಓದುತ್ತೇನೆ, ಮನಸ್ಸಿಟ್ಟು ಓದುತ್ತೇನೆ. "ಇಂಥದ್ದನ್ನೆಲ್ಲ ನೀವೂ ಓದುತ್ತೀರಾ" ಎಂದು ಕೇಳುವವರಿದ್ದಾರೆ. ಓದುತ್ತೇನೆ, ಸಂತೋಷವಾಗಿ ಓದುತ್ತೇನೆ. ಬೆಳಗಿನಿಂದ ದುಡಿದ ಹೆಂಗಸು ರಾತ್ರಿ ಪಾತ್ರೆ ತೊಳೆದಿಟ್ಟು ಅರ್ಧ ಗಂಟೆ ತನಗೆಂದು ಇಟ್ಟುಕೊಂಡರೆ, ಆ ಅರ್ಧ ಗಂಟೆಗೆ ಏನು ಬೇಕೆಂದು ನಿರ್ಧರಿಸುವ ಹಕ್ಕು ಅವಳದು. ಅವಳಿಗೆ ಬೇಕಾದದ್ದನ್ನು ಚೆನ್ನಾಗಿ ಆರಿಸಿ ಕೊಡುವುದು ಸಣ್ಣ ಕೆಲಸವಲ್ಲ. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಹಿರಿಯರಾದ ಎಸ್.ಆರ್. ರಂಗನಾಥನ್ 1931ರಲ್ಲೇ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನ್ನು ನಾನು ದಿನವೂ ನೆನೆಯುತ್ತೇನೆ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಇಂಥ ಪುಸ್ತಕ ಮಾತ್ರ, ಇಂಥ ಓದುಗ ಮಾತ್ರ ಎಂದು ಅವರು ಹೇಳಲಿಲ್ಲ.

ನನಗೆ ದೊಡ್ಡ ಸಹಾಯ ಮಾಡುವುದು ಪುಸ್ತಕಗಳ ಒಳಗಿನ ಗುರುತುಗಳು. ಬಾಡಿಗೆ ಪುಸ್ತಕ ಓದಿದವರಿಗೆ ಇದು ಗೊತ್ತು. ಸಾಮಾಜಿಕ ಕಾದಂಬರಿಗಳ ಹೆಸರುಗಳಲ್ಲಿ ಹೂವು, ದೀಪ, ಕನಸು, ಮೋಡ ಮತ್ತೆ ಮತ್ತೆ ಬರುತ್ತವೆ, ಓದಿದ್ದೇನೋ ಇಲ್ಲವೋ ಎಂದು ನೆನಪಿರುವುದಿಲ್ಲ. ಅದಕ್ಕೆ ಒಬ್ಬೊಬ್ಬರೂ ಒಂದೊಂದು ಪುಟ ಗೊತ್ತುಮಾಡಿಕೊಂಡು ಅಲ್ಲಿ ಪೆನ್ಸಿಲಿನಲ್ಲಿ ತಮ್ಮ ಗುರುತು ಹಾಕುತ್ತಾರೆ. ಒಬ್ಬರದು 25ನೇ ಪುಟದ ಮೂಲೆಯಲ್ಲಿ ನಕ್ಷತ್ರ, ಇನ್ನೊಬ್ಬರದು 50ನೇ ಪುಟದ ಸಂಖ್ಯೆಯ ಸುತ್ತ ವೃತ್ತ, ಮತ್ತೊಬ್ಬರದು ಕೊನೆಯ ಪುಟದಲ್ಲಿ ಎರಡು ಚುಕ್ಕೆ. ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಆ ಪುಟ ತಿರುಗಿಸಿ ನೋಡುತ್ತಾರೆ, ಗುರುತಿದ್ದರೆ ಹಾಗೆಯೇ ಇಡುತ್ತಾರೆ. ಯಾವ ಗುರುತು ಯಾರದೆಂದು ನನಗೆ ಗೊತ್ತು. ನಕ್ಷತ್ರದವರು ಮತ್ತು ಎರಡು ಚುಕ್ಕೆಯವರು ಒಂದೇ ಬಗೆಯ ಪುಸ್ತಕ ಆರಿಸುತ್ತಾರೆ ಎಂದು ಕಂಡುಕೊಂಡ ಮೇಲೆ, ಒಬ್ಬರಿಗೆ ಹಿಡಿಸಿದ್ದನ್ನು ಇನ್ನೊಬ್ಬರಿಗೆ ಧೈರ್ಯವಾಗಿ ಕೊಡುತ್ತೇನೆ. ಅವರಿಬ್ಬರಿಗೂ ಪರಸ್ಪರ ಪರಿಚಯವಿಲ್ಲ, ಒಬ್ಬರು ಬೆಳಿಗ್ಗೆ ತರಕಾರಿ ಚೀಲದ ಜೊತೆ ಬರುತ್ತಾರೆ, ಇನ್ನೊಬ್ಬರು ಬ್ಯಾಂಕಿನ ಕೆಲಸ ಮುಗಿಸಿ ಸಂಜೆ. ಕೆಲವರು ಅಂಚಿನಲ್ಲಿ ಅಭಿಪ್ರಾಯವನ್ನೂ ಬರೆಯುತ್ತಾರೆ. "ಕೊನೆ ಸರಿಯಿಲ್ಲ" ಎಂದು ಒಬ್ಬರು, ಅದರ ಕೆಳಗೆ "ಸರಿಯಾಗಿಯೇ ಇದೆ" ಎಂದು ಇನ್ನೊಬ್ಬರು. ನಾನು ಅಳಿಸುವುದಿಲ್ಲ.

ವಯಸ್ಸಾದ ಓದುಗರ ಬೇಡಿಕೆಗಳು ಸ್ಪಷ್ಟವಾಗಿರುತ್ತವೆ. ಸಾವು ಬೇಡ, ಕಾಯಿಲೆ ಬೇಡ, ಅಕ್ಷರ ದೊಡ್ಡದಿರಲಿ. ಇದನ್ನು ಕಣ್ಣುಮುಚ್ಚಿ ಪಾಲಿಸುತ್ತೇನೆ. ಗಂಡನನ್ನು ಈಚೆಗೆ ಕಳೆದುಕೊಂಡವರಿಗೆ ಕಥೆಯಲ್ಲಿ ಸಾವು ಎಲ್ಲಿ ಬರುತ್ತದೆ ಎಂದು ಮೊದಲೇ ಹೇಳುತ್ತೇನೆ, ಕುತೂಹಲ ಹಾಳಾದರೂ ಚಿಂತೆಯಿಲ್ಲ. ತ್ರಿವೇಣಿಯವರ 'ಶರಪಂಜರ' ನನಗೆ ಬಹಳ ಪ್ರಿಯವಾದ ಕಾದಂಬರಿ. ಬಾಣಂತಿತನದಲ್ಲಿ ಮನಸ್ಸಿನ ಸಮತೋಲ ತಪ್ಪಿ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ನಂಬುವುದೇ ಇಲ್ಲ. ಮನಶ್ಶಾಸ್ತ್ರ ಓದಿದ್ದ ಲೇಖಕಿ, ಕಾವೇರಿಯ ಮನಸ್ಸಿನ ಒಳಗೇ ನಮ್ಮನ್ನು ನಿಲ್ಲಿಸುತ್ತಾರೆ. ಹಾಗೆಂದು ಹಸುಗೂಸನ್ನು ಎತ್ತಿಕೊಂಡು ಬಂದ ಹುಡುಗಿಗೆ ಅದನ್ನು ಏನೂ ಹೇಳದೆ ಕೊಡುವುದಿಲ್ಲ. ಕಥೆ ಇಂಥದ್ದು, ಈಗ ಬೇಕೋ ಆಮೇಲೋ ಎಂದು ಕೇಳುತ್ತೇನೆ. "ಈಗಲೇ ಬೇಕು" ಎಂದು ಹಟದಿಂದ ಒಯ್ದವರೂ ಇದ್ದಾರೆ. ಅವರಿಗೆ ಯಾಕೆ ಬೇಕಿತ್ತು ಎಂದು ನಾನು ಕೇಳಲಿಲ್ಲ.

ಹದಿಹರೆಯದವರಿಗೆ ತ್ರಿವೇಣಿಯವರಲ್ಲಿ ಮೊದಲು ಕೊಡುವುದು 'ಬೆಳ್ಳಿಮೋಡ'. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲು ಒಪ್ಪಿದವನು ಅವಳ ತಂದೆಯ ಹಣದಲ್ಲಿ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ, ಆಸ್ತಿ ಅವಳದಾಗಿ ಉಳಿಯುವುದಿಲ್ಲ. ಆಗ ಹುಡುಗನ ಮನಸ್ಸೂ ಬದಲಾಗುತ್ತದೆ. ಇಷ್ಟು ಹೇಳಿ ನಿಲ್ಲಿಸಿಬಿಡುತ್ತೇನೆ. ಹುಡುಗಿಯರು "ಆಮೇಲೆ?" ಎನ್ನುತ್ತಾರೆ, ಪುಸ್ತಕ ಒಯ್ಯುತ್ತಾರೆ. ತಿರುಗಿ ತಂದಾಗ ಆ ಹುಡುಗನ ಮೇಲೆ ಅವರಿಗೆ ಬಂದಿರುವ ಸಿಟ್ಟು ನೋಡಬೇಕು. 1963ರಲ್ಲಿ, ಮೂವತ್ತೈದು ತುಂಬುವ ಮುನ್ನವೇ ತೀರಿಕೊಂಡ ಲೇಖಕಿಯ ಮಾತು ಮೊಬೈಲ್ ಹಿಡಿದ ಇಂದಿನ ಹುಡುಗಿಗೆ ಇಷ್ಟು ನೇರವಾಗಿ ತಾಕುತ್ತದೆ. ಅವರ ವಾಕ್ಯಗಳು ಚಿಕ್ಕವು, ಸಂಭಾಷಣೆ ಹೆಚ್ಚು, ಪುಸ್ತಕ ಬಹಳ ದಪ್ಪವಲ್ಲ. ಇವೂ ಕಾರಣಗಳೇ.

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹುಡುಗಿಯರ ವಿಷಯದಲ್ಲಿ ಈ ಕಾರಣಗಳು ಇನ್ನೂ ಮುಖ್ಯ. ಅವರಿಗೆ ಕನ್ನಡ ಮಾತು ಸರಾಗ, ಓದು ನಿಧಾನ. ಮೂವತ್ತು ಪುಟ ದಾಟುವುದರೊಳಗೆ ಕಣ್ಣು ದಣಿಯುತ್ತದೆ, ಕಥೆ ಇನ್ನೂ ಹೊರಟಿರುವುದಿಲ್ಲ, ಪುಸ್ತಕ ಮುಚ್ಚುತ್ತಾರೆ. ಹಾಗಾಗಿ ಮೊದಲ ಪುಟದಲ್ಲೇ ಏನಾದರೂ ಆಗಿರಬೇಕು ಎಂಬುದೇ ಇಲ್ಲಿ ನನ್ನ ಅಳತೆ. ಇವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಕೊಡುತ್ತೇನೆ. ಅದು ಹುಡುಗರ ಪುಸ್ತಕ ಎಂದು ಕೆಲವರು ಅಂದುಕೊಂಡಿದ್ದಾರೆ. ಅದರಲ್ಲಿ ಏಲಕ್ಕಿ ಮಾರಿ ಹೊರಟ ಎಳೆಯ ಗಂಡಹೆಂಡಿರು ಸುರೇಶ ಮತ್ತು ಗೌರಿ, ಒಂದು ಹಗಲು ರಾತ್ರಿಯೊಳಗೆ ನಡೆದುಹೋಗುವ ಅಪಾಯಗಳು, ಎಲ್ಲದರ ನಡುವೆ ಅವರಿಬ್ಬರ ಜಗಳ ಮತ್ತು ಸಲಿಗೆ ಇದೆ. ಹುಡುಗಿಯರಿಗೆ ಗೌರಿ ತುಂಬ ಇಷ್ಟವಾಗುತ್ತಾಳೆ. ಯಂಡಮೂರಿ ವೀರೇಂದ್ರನಾಥರ ತೆಲುಗಿನಿಂದ ಬಂದ 'ಬೆಳದಿಂಗಳ ಬಾಲೆ'ಯೂ ಹಾಗೆಯೇ. ಚದುರಂಗದ ಆಟಗಾರ, ಫೋನಿನಲ್ಲಿ ಬರುವ ಒಂದು ಹೆಣ್ಣು ದನಿ, ಅವಳನ್ನು ಕಂಡುಹಿಡಿಯಲು ಅವಳೇ ಕೊಡುವ ಸುಳಿವುಗಳು. ಒಗಟು ಬಿಡಿಸುವ ಆತುರದಲ್ಲಿ ಅಕ್ಷರ ಕೂಡಿಸಿ ಓದುವ ಕಷ್ಟ ಮರೆತುಹೋಗುತ್ತದೆ. ಕೊನೆಯಲ್ಲಿ ಅಳು ಬರುತ್ತದೆ ಎಂದು ಮಾತ್ರ ಎಚ್ಚರಿಸುತ್ತೇನೆ.

ನಮ್ಮ ಸೀಮೆಯ ಹುಡುಗಿಯರಿಗೆ ಎಂ.ಕೆ. ಇಂದಿರಾ ಅವರನ್ನು ಪರಿಚಯಿಸುವುದು ನನಗೆ ವಿಶೇಷ ಸಂತೋಷದ ಕೆಲಸ. ತೀರ್ಥಹಳ್ಳಿ ಕಡೆಯವರು, ಶಾಲೆಗೆ ಹೋದದ್ದು ಕೆಲವೇ ವರ್ಷ, ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಬಂದಾಗ ವಯಸ್ಸು ನಲವತ್ತೈದು ದಾಟಿತ್ತು. "ನನಗೆ ಇನ್ನೇನು ಬರುತ್ತದೆ, ವಯಸ್ಸಾಯಿತು" ಎನ್ನುವ ಓದುಗರಿಗೆ ಇದನ್ನು ಹೇಳಿಯೇ ಪುಸ್ತಕ ಕೊಡುತ್ತೇನೆ. 1976ರ 'ಫಣಿಯಮ್ಮ' ಹಗುರವಾದ ಓದಲ್ಲ, ಬಾಲವಿಧವೆಯೊಬ್ಬಳ ಬದುಕಿನ ಕಥೆ. ಆದರೆ ಸಾಮಾಜಿಕ ಕಾದಂಬರಿ ಓದಿ ರೂಢಿಯಾದ ಹುಡುಗಿಯರು ಅದನ್ನು ಸಲೀಸಾಗಿ ಓದುತ್ತಾರೆ, ಏಕೆಂದರೆ ಮನೆ, ಅಡುಗೆ, ಹೆರಿಗೆ, ಹೆಂಗಸರ ಮಾತು ಎಲ್ಲ ಪರಿಚಿತವಾದದ್ದೇ. ಅವರು ಎರಡನೇ ಸಲ ಓದುವುದು ದಾಕ್ಷಾಯಿಣಿಯ ಪುಟಗಳನ್ನು. ಗಂಡ ಸತ್ತಾಗ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಎದ್ದು ನಿಲ್ಲುವ ಹುಡುಗಿ ಅವಳು, ಅವಳ ಪರವಾಗಿ ನಿಲ್ಲುವವಳು ಜೀವನವಿಡೀ ಮಡಿಯಲ್ಲಿ ಕಳೆದ ಫಣಿಯಮ್ಮ. ಆ ಪುಟ ಹೇಳಿದವರಿಗೆ ಮುಂದೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಿದೆ. ನಾದಿರಾಳ ಕಥೆಯನ್ನು ನಾನು ಕೌಂಟರಿನಲ್ಲಿ ನಿಂತು ಬಿಡಿಸಿ ಹೇಳುವುದಿಲ್ಲ, ತಂದೆಯ ಹಟ ಮಗಳ ಸಂಸಾರವನ್ನು ಏನು ಮಾಡುತ್ತದೆ ನೋಡು ಎಂದಷ್ಟೇ ಹೇಳುತ್ತೇನೆ.

ಹೀಗೆ ಹೇಳಿದಾಗ ಇದೊಂದು ಮೆಟ್ಟಿಲು, ಸಾಯಿಸುತೆ ಕೆಳಗೆ, ಸಾರಾ ಮೇಲೆ ಎಂದು ಯಾರೂ ತಿಳಿಯಬಾರದು. ನಾನು ಯಾರನ್ನೂ ಮೇಲಕ್ಕೆ ಹತ್ತಿಸುತ್ತಿಲ್ಲ. ನೇಮಿಚಂದ್ರ ಅವರ 'ಯಾದ್ ವಶೇಮ್' ಓದಿ ಕಣ್ಣೀರಿಟ್ಟ ಹುಡುಗಿ ಮಾರನೇ ವಾರ ಬಂದು ಸಾಯಿಸುತೆಯವರ 'ಬಾಡದ ಹೂ' ಕೇಳುತ್ತಾಳೆ, ಕೊಡುತ್ತೇನೆ. ಪರೀಕ್ಷೆ ಮುಗಿದ ದಿನ ಬೇಕಾಗುವ ಪುಸ್ತಕ ಬೇರೆ, ಮನೆಯಲ್ಲಿ ಜಗಳವಾದ ದಿನ ಬೇಕಾಗುವುದು ಬೇರೆ. "ಯಾವಾಗ ನೋಡಿದರೂ ಪ್ರೀತಿ ಪ್ರೇಮದ ಪುಸ್ತಕ, ಒಳ್ಳೆಯದೇನಾದರೂ ಕೊಡಿ" ಎಂದು ಮಗಳ ಎದುರಿಗೇ ಹೇಳುವ ತಾಯಂದಿರನ್ನು ಒಂದು ಕ್ಷಣ ಪಕ್ಕಕ್ಕೆ ಕರೆದು, ನೀವು ಅವಳ ವಯಸ್ಸಿನಲ್ಲಿ ಏನು ಓದುತ್ತಿದ್ದಿರಿ ಎಂದು ಕೇಳುತ್ತೇನೆ. ಎಷ್ಟೋ ಮನೆಗಳ ಅಟ್ಟದಲ್ಲಿ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ದಾರ ಹಾಕಿ ಹೊಲಿದಿಟ್ಟ ಕಟ್ಟುಗಳಿವೆ. ಅದನ್ನು ಕೆಳಗಿಳಿಸಿ ಮಗಳಿಗೆ ಕೊಡಿ ಎನ್ನುತ್ತೇನೆ. ತಾಯಿ ಮಗಳು ಒಂದೇ ಪುಸ್ತಕ ಓದಿದ ಮನೆಯಲ್ಲಿ ಮಾತಾಡಲು ವಿಷಯವಿರುತ್ತದೆ, ಬೈಯಲು ಒಬ್ಬ ನಾಯಕನೂ ಇರುತ್ತಾನೆ.

ನಾಯಕರ ವಿಷಯ ಬಂದಾಗ ಒಂದು ಮಾತು ಹೇಳಲೇಬೇಕು. ಹಳೆಯ ಜನಪ್ರಿಯ ಕಾದಂಬರಿಗಳಲ್ಲೂ, ಈಗ ಹುಡುಗಿಯರು ಮೊಬೈಲಿನಲ್ಲಿ ಓದುವ ಧಾರಾವಾಹಿಗಳಲ್ಲೂ ನಾಯಕಿಯ ಕೆನ್ನೆಗೆ ಹೊಡೆದು, ಆಮೇಲೆ ಅದು ಪ್ರೀತಿಯಿಂದ ಎಂದು ಹೇಳುವ ನಾಯಕರು ಸಿಗುತ್ತಾರೆ. ಅನುಮಾನಪಡುವುದನ್ನೇ ಅಕ್ಕರೆ ಎಂದು ತೋರಿಸುವ ಪುಟಗಳಿವೆ. ಇದು ನನಗೆ ಸಣ್ಣ ಸಂಗತಿ ಅನಿಸುವುದಿಲ್ಲ. ಹಾಗೆಂದು ಪುಸ್ತಕವನ್ನು ಬಚ್ಚಿಡುವುದಿಲ್ಲ, ಬಚ್ಚಿಟ್ಟದ್ದು ಇನ್ನೆಲ್ಲಾದರೂ ಸಿಗುತ್ತದೆ, ಅಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ಕೊಡುವಾಗ, "ಇದರಲ್ಲಿ ಅವನು ಒಂದು ಕಡೆ ಕೈಮಾಡುತ್ತಾನೆ. ಅಲ್ಲಿ ನೀನಾಗಿದ್ದರೆ ಏನು ಮಾಡುತ್ತಿದ್ದೆ, ಬಂದು ಹೇಳು" ಎನ್ನುತ್ತೇನೆ. ಹೇಳುತ್ತಾರೆ, ಬಹಳ ಹೊತ್ತು ಹೇಳುತ್ತಾರೆ. ಒಬ್ಬಳು ಆ ಅಧ್ಯಾಯವನ್ನೇ ತಿದ್ದಿ, ನಾಯಕಿ ಬ್ಯಾಗ್ ತೆಗೆದುಕೊಂಡು ಬಸ್ ಹತ್ತುವಂತೆ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದಳು. ಅದನ್ನು ಆ ಪುಸ್ತಕದೊಳಗೇ ಮಡಚಿಟ್ಟಿದ್ದೇನೆ, ಮುಂದೆ ಒಯ್ಯುವವರು ಎರಡನ್ನೂ ಓದುತ್ತಾರೆ.

ಇನ್ನು ಕೆಲವು ರೂಢಿಗಳು. ಹುಡುಗಿಯರಿಗೆ ಯಾವಾಗಲೂ ಎರಡು ಪುಸ್ತಕ ಕೊಡುತ್ತೇನೆ, ಅವಳು ಕೇಳಿದ್ದು ಒಂದು, ನಾನು ಆರಿಸಿದ್ದು ಒಂದು. ನಾನು ಆರಿಸಿದ್ದನ್ನು ಓದದೆ ಹಿಂದಕ್ಕೆ ತಂದರೆ ಬಾಡಿಗೆ ಇಲ್ಲ. ಹತ್ತು ಪುಟ ಓದಿ ಬಿಟ್ಟರೂ ಸರಿ, ಎಲ್ಲಿ ಬಿಟ್ಟೆ ಎಂದು ತೋರಿಸಬೇಕು ಅಷ್ಟೇ, ಎರಡು ಸಲ ಓದಿದ ಪುಟದಷ್ಟೇ ಬಿಟ್ಟ ಪುಟವೂ ನನಗೆ ಬೇಕು. ಕೊನೆಯ ಪುಟಗಳು ಕಿತ್ತುಹೋದ ಪುಸ್ತಕವನ್ನು ಬೈಂಡಿಂಗ್‌ಗೆ ಕೊಡುವ ಮೊದಲು ಬೇರೆ ಪ್ರತಿಯಿಂದ ಆ ಪುಟಗಳ ಜೆರಾಕ್ಸ್ ಮಾಡಿಸಿ ಸೇರಿಸುತ್ತೇನೆ. ಅಂತ್ಯವಿಲ್ಲದ ಸಾಮಾಜಿಕ ಕಾದಂಬರಿಯನ್ನು ಯಾರ ಕೈಗೂ ಕೊಡುವುದು ಸರಿಯಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ರಜೆ ಶುರುವಾದಾಗ ಹೊಸ ಸದಸ್ಯೆಯರು ಬರುತ್ತಾರೆ. ಅವರಿಗೆಂದು ಬಾಗಿಲ ಪಕ್ಕದ ಕಪಾಟಿನಲ್ಲಿ ಈ ಸಲ ವಾಣಿಯವರ 'ಎರಡು ಕನಸು', 'ಬೆಳ್ಳಿಮೋಡ'ದ ಹೆಚ್ಚಿನ ಪ್ರತಿಗಳು, ಹಾಗೂ ವಸುಧೇಂದ್ರರ 'ತೇಜೋ ತುಂಗಭದ್ರಾ' ಇಟ್ಟಿದ್ದೇನೆ. ಕೊನೆಯದು ದಪ್ಪ ಪುಸ್ತಕ. ಆದರೆ ಲಿಸ್ಬನ್ನಿನ ಬೆಲ್ಲಾಳ ಕಥೆಗೆ ಒಮ್ಮೆ ಸಿಕ್ಕಿಕೊಂಡವರು ರಜೆ ಮುಗಿಯುವುದರೊಳಗೆ ಅದನ್ನು ಮುಗಿಸಿ, ಇನ್ನೂ ದಪ್ಪನೆಯದು ಇದೆಯಾ ಎಂದು ಕೇಳುತ್ತಾರೆ.