ಬೋರ್‌ವೆಲ್ ನೀರಿಗೆ ಒಗ್ಗಿದ ಮಲಾವಿ ಮೀನುಗಳು

ಬೆಂಗಳೂರಿನಲ್ಲಿದ್ದರೂ ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ನೀರಿಲ್ಲ, ಬೋರ್‌ವೆಲ್ ನೀರೇ ಗತಿ. ಬಕೆಟ್ಟು, ನಲ್ಲಿ, ಸ್ಟೀಲ್ ಪಾತ್ರೆ ಎಲ್ಲದರ ಮೇಲೂ ಬಿಳಿ ಕಲೆ. ಇಂಥ ಗಡಸು ನೀರಿನಲ್ಲಿ ನಾನು ಮೊದಲು ನಿಯಾನ್ ಟೆಟ್ರಾ ಸಾಕಲು ಹೋದೆ. ಅದು ಅಮೆಜಾನ್ ಕಡೆಯ ಮೆದು ನೀರಿನ ಮೀನು. ಎರಡು ಸಲ ತಂದೆ, ಎರಡು ಸಲವೂ ಒಂದು ತಿಂಗಳು ದಾಟಲಿಲ್ಲ. ತುಂಬಾ ಬೇಜಾರಾಯಿತು. ಆಮೇಲೆ ನಮ್ಮ ನಲ್ಲಿಯಲ್ಲಿ ಬರುವ ನೀರು ಯಾವ ಮೀನಿಗೆ ಒಗ್ಗುತ್ತದೆ ಅಂತ ಹುಡುಕಲು ಕೂತೆ. ಹಾಗೆ ಸಿಕ್ಕಿದ್ದು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಎಂಬ ಕುಟುಂಬದ ಮೀನುಗಳು. ಅದರಲ್ಲೂ ಬಂಡೆಗಳ ಸಂದಿಯಲ್ಲಿ ಬದುಕುವ ಎಂಬೂನಾ ಗುಂಪು.

ನೀರನ್ನು ಎರಡು ಸಲ ಅಳೆದೆ. ನಲ್ಲಿಯಿಂದ ಹಿಡಿದ ತಕ್ಷಣ ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಎಂಬ ಅಳತೆ) 7.4 ಬಂತು. ಅದೇ ನೀರನ್ನು ಬಕೆಟ್ಟಿನಲ್ಲಿಟ್ಟು ರಾತ್ರಿಯಿಡೀ ಏರ್ ಪಂಪ್ ಹಾಕಿದೆ. ಬೆಳಗ್ಗೆ 8.1 ಆಗಿತ್ತು. ನೆಲದಡಿಯ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಗಾಳಿಯಾಡಿದರೆ ಅದು ಹೊರಗೆ ಹೋಗುತ್ತದೆ, ಪಿಎಚ್ ಏರುತ್ತದೆ. ಎಂಬೂನಾಗಳಿಗೆ 7.8ರಿಂದ 8.5ರವರೆಗೆ ಆರಾಮ. ಯಾವ ಉಪ್ಪನ್ನೂ ಬೆರೆಸದೆ ಸರಿಯಾದ ನೀರು ನಮ್ಮ ಮನೆಯಲ್ಲೇ ಇತ್ತು! ಆದರೆ ಒಂದು ವಿಷಯ. ನಮ್ಮಲ್ಲಿ ನೀರನ್ನು ಮೆದು ಮಾಡುವ ಸಾಫ್ಟನರ್ ಪ್ಲಾಂಟ್ ಇದೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಈ ಮೀನುಗಳಿಗೆ ಬೇಕಾದ ಗಡಸುತನವೇ ಹೋಗುತ್ತದೆ. ಪಂಪ್ ನೋಡಿಕೊಳ್ಳುವವರನ್ನು ಕೇಳಿದೆ. "ಗಾರ್ಡನ್ ನಲ್ಲಿಗೆ ಡೈರೆಕ್ಟ್ ಬೋರ್ ನೀರು ಸರ್, ಅಲ್ಲಿಂದ ತಗೊಳ್ಳಿ" ಅಂದರು. ಇವತ್ತಿಗೂ ಅಲ್ಲಿಂದಲೇ ಹೊರುತ್ತೇನೆ.

ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 250 ಲೀಟರ್. ನೀರೇ 250 ಕೆಜಿ ಆಯಿತು, ಅದರ ಮೇಲೆ ಕಲ್ಲು. ಹಾಗಾಗಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಗೋಡೆ ಪಕ್ಕದಲ್ಲೇ ಇಟ್ಟೆ. ಈ ಮೀನುಗಳು ಮರಳನ್ನು ತೋಡುತ್ತಲೇ ಇರುತ್ತವೆ. ಮರಳಿನ ಮೇಲೆ ಕಲ್ಲು ಜೋಡಿಸಿದರೆ ಒಂದು ದಿನ ಅದು ಜಾರಿ ಗಾಜು ಒಡೆಯಬಹುದು. ಅದಕ್ಕೇ ತಳದಲ್ಲಿ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ನೇರವಾಗಿ ಕಲ್ಲು ಕೂರಿಸಿದೆ. ಮರಳು ತುಂಬಿದ್ದು ಕೊನೆಗೆ. ಕಲ್ಲು ಎಂದರೆ ನಮ್ಮ ಗ್ರಾನೈಟೇ, ಪಕ್ಕದ ಕಟ್ಟಡದ ಕೆಲಸದವರನ್ನು ಕೇಳಿ ತಂದು ಬ್ರಷ್‌ನಲ್ಲಿ ತಿಕ್ಕಿ ತೊಳೆದದ್ದು. ಟ್ಯಾಂಕಿನ ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ಒಂದು, ಸ್ಪಂಜ್ ಫಿಲ್ಟರ್ ಒಂದು, ಚಳಿಗಾಲಕ್ಕೆ ಹೀಟರ್. ಕರೆಂಟ್ ಹೋದಾಗ ಓಡಲು ಬ್ಯಾಟರಿ ಏರ್ ಪಂಪ್ ಕೂಡ ಬೇಕೇ ಬೇಕು.

ಇಷ್ಟಾದ ಮೇಲೆ ಐದು ವಾರ ಮೀನು ಬಿಡದೆ ಬರೀ ನೀರು ತುಂಬಿ ಟ್ಯಾಂಕ್ ಓಡಿಸಿದೆ. ಮೀನು ಬಿಡುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಬೇಕಲ್ವಾ? ನಮ್ಮಂಥ ನೀರಿನಲ್ಲಿ ಇದನ್ನು ತಪ್ಪಿಸುವ ಹಾಗೇ ಇಲ್ಲ. ಪಿಎಚ್ 7ಕ್ಕೆ ಹೋಲಿಸಿದರೆ 8ರಲ್ಲಿ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟು. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ ಹಾಕಿದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ನಾನು ತಂದದ್ದು ಲ್ಯಾಬ್‌ಗೆ ಮಾರುವ ಶುದ್ಧ ಪುಡಿ. ಒಂದೂವರೆ ಗ್ರಾಂ ಹಾಕಿದರೆ ಟೆಸ್ಟ್ ಕಿಟ್ಟಿನಲ್ಲಿ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಹತ್ತಿರ ತೋರಿಸಿತು. ಹತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು, ಏರಿದ್ದು ಇಳಿಯಲು ಇನ್ನೂ ಎರಡು ವಾರಕ್ಕಿಂತ ಜಾಸ್ತಿ ಹಿಡಿಯಿತು. ಒಂದು ದಿನ ಹಾಕಿದ ಅಮೋನಿಯಾ ಮರುದಿನಕ್ಕೆ ಸೊನ್ನೆ, ನೈಟ್ರೈಟ್ ಕೂಡ ಸೊನ್ನೆ. ಅವತ್ತಿನ ಖುಷಿ ಇನ್ನೂ ನೆನಪಿದೆ. ಅರ್ಧ ನೀರು ಬದಲಿಸಿ ಮೀನು ತರಲು ಹೊರಟೆ.

ಯೆಲ್ಲೋ ಲ್ಯಾಬ್ ಎಂಟು, ರಸ್ಟಿ ಸಿಕ್ಲಿಡ್ ಎಂಟು. ಎಲ್ಲ ಒಂದೂವರೆ ಇಂಚಿನ ಮರಿಗಳು. ಎರಡೂ ಎಂಬೂನಾಗಳ ಪೈಕಿ ಸಾಧು. ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಅದಕ್ಕೇ ಒಂದೊಂದು ಜಾತಿಯಲ್ಲಿ ಎಂಟು. ಅಂಗಡಿಯವರು ಹಳದಿ ಮೈಯ ಮೇಲೆ ಕಪ್ಪು ಪಟ್ಟೆಯ ಇನ್ನೊಂದು ಮರಿ ತೋರಿಸಿ, "ಇದೂ ಹೊಂದಿಕೊಳ್ಳುತ್ತೆ ಸರ್, ತಗೊಳ್ಳಿ" ಅಂದರು. ಚೆಂದ ಇತ್ತು, ತಂದೆ. ಅದು ಆರಾಟಸ್, ಎಂಬೂನಾಗಳಲ್ಲೇ ಜಗಳಗಂಟ ಜಾತಿ. ನಾನು ಹೆಸರು ಕೇಳಿ, ಓದಿಕೊಂಡು ತರಬೇಕಿತ್ತು. ಏಳು ತಿಂಗಳಲ್ಲಿ ಅದರ ಹಳದಿ ಹೋಗಿ ಮೈ ಕಪ್ಪಾಯಿತು. ಗಂಡು ಅಂತ ಆಗ ಗೊತ್ತಾಯಿತು. ಅರ್ಧ ಟ್ಯಾಂಕನ್ನು ತನ್ನದು ಮಾಡಿಕೊಂಡಿತು. ಎರಡು ಯೆಲ್ಲೋ ಲ್ಯಾಬ್ ಸತ್ತವು, ರೆಕ್ಕೆಯೆಲ್ಲ ಹರಿದಿತ್ತು. ಆ ಆರಾಟಸನ್ನು ಹಿಡಿಯಲು ಅಷ್ಟೂ ಕಲ್ಲು ಹೊರಗೆ ತೆಗೆಯಬೇಕಾಯಿತು. ಅಂಗಡಿಗೆ ವಾಪಸ್ ಕೊಟ್ಟು ಬಂದು ಕಲ್ಲುಗಳನ್ನು ಬೇರೆ ರೀತಿ ಜೋಡಿಸಿದೆ. ಹಳೆಯ ಗಡಿಗಳು ಅಳಿಸಿಹೋದವು, ಉಳಿದ ಮೀನುಗಳೂ ಶಾಂತವಾದವು.

ಊಟಕ್ಕೆ ಸ್ಪಿರುಲಿನಾ ಎಂಬ ಪಾಚಿ ಇರುವ ಕಾಳು, ದಿನಕ್ಕೆ ಎರಡು ಸಲ, ಸ್ವಲ್ಪವೇ. ಎಂಬೂನಾಗಳಲ್ಲಿ ಹೆಚ್ಚಿನವು ಸರೋವರದಲ್ಲಿ ಬಂಡೆಯ ಪಾಚಿ ಕೆರೆದು ತಿನ್ನುವ ಮೀನುಗಳು. ಮಾಂಸದ ಆಹಾರ ಜಾಸ್ತಿಯಾದರೆ ಹೊಟ್ಟೆ ಊದಿ ಸಾಯಬಹುದು ಅನ್ನುತ್ತಾರೆ. ಪ್ರತಿ ಭಾನುವಾರ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ.

ಕೆಲವು ವಾರಗಳ ಹಿಂದೆ ಅಮ್ಮ ಕರೆದರು. "ನೋಡೋ, ಈ ಹಳದಿ ಮೀನು ನಾಲ್ಕು ದಿನದಿಂದ ಏನೂ ತಿಂದಿಲ್ಲ ಕಣೋ." ಹೋಗಿ ನೋಡಿದರೆ ಗದ್ದ ಉಬ್ಬಿತ್ತು. ಬಾಯಲ್ಲಿ ಮೊಟ್ಟೆ! ಈ ತಾಯಿಗಳು ಮೂರು ವಾರ ಬಾಯಲ್ಲೇ ಇಟ್ಟುಕೊಂಡು ಕಾಯುತ್ತವೆ. ಹೇಳಿದ್ದೇ ತಡ, ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಮರಿಗಳನ್ನು ಬೇರೆ ಮಾಡಲು ಮನಸ್ಸು ಬರಲಿಲ್ಲ. ಈಗ ಬಲಗಡೆಯ ದೊಡ್ಡ ಕಲ್ಲಿನ ಸಂದಿಯಲ್ಲಿ ಮೂರು ಮರಿಗಳಿವೆ. ದೀಪ ಹಾಕಿದಾಗ ಮೂತಿ ಹೊರಗೆ ಹಾಕುತ್ತವೆ, ದೊಡ್ಡವು ಬಂದರೆ ಒಳಗೆ ಹೋಗುತ್ತವೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಅವನ್ನು ಎಣಿಸುವುದು ಅಮ್ಮನ ಕೆಲಸ.