ಗಡ್ಡೆ ಸಣ್ಣದಿತ್ತು, ಕೊಬ್ಬು ಬಿಡಲಿಲ್ಲ

ಕೆಲವು ವರ್ಷಗಳ ಹಿಂದೆ ಬೈಲಹೊಂಗಲ ಕಡೆಯ ಒಬ್ಬ ರೈತರಿಗೆ ಬೆಳಗಾವಿಯಲ್ಲಿ ಕಿಡ್ನಿ ಗಡ್ಡೆಯ ಆಪರೇಷನ್ ಮಾಡಿದೆ. ಗಡ್ಡೆ ಮೂರೂವರೆ ಸೆಂಟಿಮೀಟರ್. ಅರ್ಧಕ್ಕಿಂತ ಜಾಸ್ತಿ ಹೊರಗೇ ಚಾಚಿಕೊಂಡಿತ್ತು. ಗಡ್ಡೆ ತೆಗೆಯುವುದು ಎಷ್ಟು ಕಷ್ಟ ಎಂದು ಹೇಳುವ ರೀನಲ್ ಸ್ಕೋರ್ 5. ಆ ಲೆಕ್ಕ 4ರಿಂದ 12ರವರೆಗೆ ಹೋಗುತ್ತದೆ, 5 ಅಂದರೆ ಸುಲಭದ ಗಡ್ಡೆ. ಸಣ್ಣ ತೂತುಗಳಲ್ಲಿ ದುರ್ಬೀನು ಹಾಕಿಯೇ ಗಡ್ಡೆ ತೆಗೆದು ಕಿಡ್ನಿ ಉಳಿಸುತ್ತೇನೆ ಎಂದು ಮನೆಯವರಿಗೆ ಧೈರ್ಯವಾಗಿ ಹೇಳಿದ್ದೆ.

ಒಳಗೆ ಹೋದರೆ ಕಿಡ್ನಿಯ ಸುತ್ತಲಿನ ಕೊಬ್ಬು ಬಿಡುತ್ತಲೇ ಇಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಚಪ್ಪಲಿಗೆ ಮಣ್ಣು ಹಿಡಿಯುತ್ತದಲ್ವಾ, ಹಾಗೆ ಹಿಡಿದಿತ್ತು. ಕೊಬ್ಬು ಎಳೆದರೆ ಕಿಡ್ನಿಯ ಮೇಲಿನ ಪೊರೆಯೂ ಕಿತ್ತು ಬರುತ್ತಿತ್ತು, ರಕ್ತ ಜಿನುಗುತ್ತಿತ್ತು. ಗಡ್ಡೆಯ ಅಂಚೇ ಕಾಣಲಿಲ್ಲ. ಎರಡು ಗಂಟೆ ಒದ್ದಾಡಿ ಕೊನೆಗೆ ಹೊಟ್ಟೆ ಕೊಯ್ದು ಓಪನ್ ಮಾಡಿದೆ. ಕಿಡ್ನಿ ಉಳಿಯಿತು. ಮರುದಿನ ಅವರ ಅಣ್ಣ ಕೇಳಿದರು: "ನಾಕು ತೂತು ಅಂದಿದ್ರಿ ಸಾಹೇಬ್ರ, ಇದು ಗೇಣುದ್ದ ಐತಲ್ರಿ. ಬಿತ್ತಿಗಿ ಹೆಂಗ್ ಮಾಡೂದ್ರಿ?" ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಸಿಟಿ ಸ್ಕ್ಯಾನ್ ಮತ್ತೆ ತೆಗೆದು ನೋಡಿದೆ. ಕಿಡ್ನಿಯ ಹಿಂದೆ, ಅದರ ರಕ್ತನಾಳದ ಮಟ್ಟದಲ್ಲಿ, ಕೊಬ್ಬು ಎರಡು ಸೆಂಟಿಮೀಟರಿಗಿಂತ ದಪ್ಪ. ಕೊಬ್ಬಿನೊಳಗೆ ದಪ್ಪ ದಪ್ಪ ಗೆರೆಗಳು. 2014ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು ಈ ಎರಡನ್ನೇ ಹಿಡಿದು, ಕೊಬ್ಬು ಅಂಟಿರಬಹುದಾ ಎಂದು ಹೇಳುವ 0ಯಿಂದ 5ರವರೆಗಿನ ಒಂದು ಸ್ಕೋರ್ ಮಾಡಿದ್ದಾರೆ. ಈ ರೈತರದು ಪೂರ್ತಿ 5. ಎಲ್ಲವೂ ಚಿತ್ರದಲ್ಲೇ ಇತ್ತು. ನಾನು ಗಡ್ಡೆಯನ್ನಷ್ಟೇ ನೋಡಿದ್ದೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆಪರೇಷನ್ನಿನ ಹಿಂದಿನ ರಾತ್ರಿ ಒಂದೇ ಸಾಲು: ಓಪನ್ ಆಗಬಹುದಾ, ಯಾಕೆ. ಮುಗಿದ ಮೇಲೆ ಕೆಳಗೆ ನಡೆದದ್ದು. ಪುಟ ತಿರುವಿದರೆ ನನ್ನ ಊಹೆ ತಪ್ಪಿದ್ದು ಗಡ್ಡೆಯ ಅಳತೆಯಲ್ಲಿ ಅಲ್ಲ. ಹೊಟ್ಟೆ ಬಂದ ಗಂಡಸರ ಅಂಟು ಕೊಬ್ಬಿನಲ್ಲಿ ತಪ್ಪಿದೆ. ಹಿಂದೆ ಕಿಡ್ನಿ ಕಲ್ಲಿನ ಆಪರೇಷನ್ ಆದವರಲ್ಲಿ ತಪ್ಪಿದೆ. ನಮ್ಮ ಕಡೆ ಇಂಥವರು ಸಾಕಷ್ಟು ಜನ ಬರುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ. ಅಂಗಿ ಬಿಚ್ಚಿಸಿ ಪಕ್ಕೆಯ ಕಲೆ ನಾನೇ ನೋಡುತ್ತೇನೆ. ಸ್ಕ್ಯಾನಿನಲ್ಲಿ ಕಿಡ್ನಿಗೆ ರಕ್ತ ತರುವ ಅಪಧಮನಿಗಳನ್ನೂ ಎಣಿಸುತ್ತೇನೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಿಡ್ನಿಗೆ ಇನ್ನೊಂದು ಅಪಧಮನಿ ಇರುತ್ತದೆ. ಅದನ್ನು ಗುರುತಿಸದೆ ಒಂದನ್ನೇ ಕ್ಲಾಂಪ್ ಹಾಕಿ ಬಿಗಿದು ಕೊಯ್ದರೆ ಪರದೆಯೆಲ್ಲ ಕೆಂಪು.

ಪೂರ್ತಿ ಕಿಡ್ನಿ ತೆಗೆಯುವಾಗ ಅಂಟು ಕೊಬ್ಬಿನ ಚಿಂತೆ ಇಷ್ಟಿಲ್ಲ, ಅದೂ ಜೊತೆಗೇ ಬರುತ್ತದೆ. ಅಲ್ಲಿ ನೋಡಬೇಕಾದದ್ದು ಗಡ್ಡೆ ರಕ್ತನಾಳದೊಳಗೆ ಇಳಿದಿದೆಯಾ, ಕರುಳಿಗೆ ಅಂಟಿದೆಯಾ ಅನ್ನುವುದು.

"ಆಗಬಹುದು" ಎಂದು ಬರೆದ ದಿನ ಓಪನ್ ಆಪರೇಷನ್ನಿನ ಸಲಕರಣೆಗಳ ಟ್ರೇ ಥಿಯೇಟರಿನೊಳಗೇ ಇರುತ್ತದೆ, ಕೊಡಬೇಕಾದ ರಕ್ತ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಆಗಿರುತ್ತದೆ. ಒಂದು ಗಂಟೆಯಲ್ಲಿ ಅಪಧಮನಿ ಕೈಗೆ ಸಿಗದಿದ್ದರೆ ಕೈ ನಿಲ್ಲಿಸಿ ಓಪನ್ ಮಾಡೋಣವೇ ಎಂದು ಅರಿವಳಿಕೆ ವೈದ್ಯರನ್ನೂ ಅಸಿಸ್ಟೆಂಟನ್ನೂ ಕೇಳುತ್ತೇನೆ. ಆ ಒಂದು ಗಂಟೆ ನಾನೇ ಹಾಕಿಕೊಂಡ ಗಡಿ. ಸಮಾಧಾನವಾಗಿ ಓಪನ್ ಮಾಡುವುದು ಬೇರೆ, ರಕ್ತ ಚಿಮ್ಮುವಾಗ ಗಾಜ್ ಒತ್ತಿ ಹಿಡಿದು ಓಪನ್ ಮಾಡುವುದು ಬೇರೆ. ಎರಡನೆಯದನ್ನೂ ಮಾಡಿದ್ದೇನೆ. ಅದು ಯಾರಿಗೂ ಬರಬಾರದು.

ಮನೆಯವರಿಗೆ ಈಗ ಸ್ಕ್ಯಾನ್ ತೋರಿಸಿಯೇ ಮಾತಾಡುತ್ತೇನೆ. "ಈ ಗೆರೆ ನೋಡ್ರಿ, ಇದಕ್ಕ ಹೊಟ್ಟಿ ಕೊಯ್ಯಬೇಕಾಗಬಹುದು" ಅನ್ನುತ್ತೇನೆ. ರೈತರಾದರೆ ಬಿತ್ತನೆ ಯಾವಾಗ ಎಂದು ಮೊದಲೇ ಕೇಳುತ್ತೇನೆ. ಆರು ವಾರ ಭಾರ ಎತ್ತುವಂತಿಲ್ಲ ಎಂದೇ ಲೆಕ್ಕ ಹಾಕಿ ಆಳು ಗೊತ್ತು ಮಾಡಿಕೊಳ್ಳಿ, ದುರ್ಬೀನಿನಲ್ಲೇ ಮುಗಿದರೆ ಬೇಗ ಹೊಲಕ್ಕೆ ಹೋಗುವಿರಂತೆ ಎನ್ನುತ್ತೇನೆ.