ಹಗಲು ದ್ವೀಪ, ರಾತ್ರಿ ಹಡಗು: ಲಕ್ಷದ್ವೀಪಕ್ಕೆ ನಾವಿಬ್ಬರು ಹೋದ ಬಗೆ

ಕ್ರೂಸ್ ಅಂದರೆ ಈಜುಕೊಳ, ಕ್ಯಾಸಿನೊ, ನಡುರಾತ್ರಿಯ ಡಿಜೆ ಬೇಕೇ ಬೇಕು ಅನ್ನುವವರಿಗೆ ಇದು ಹೇಳಿಸಿದ್ದಲ್ಲ. ನಾನೂ ಇವರೂ ಜನವರಿಯಲ್ಲಿ ಹೋದದ್ದು ಕೊಚ್ಚಿಯಿಂದ ಹೊರಡುವ ಸರಕಾರಿ ಹಡಗಿನಲ್ಲಿ. ಪ್ಯಾಕೇಜಿನ ಹೆಸರು ‘ಸಮುದ್ರಂ’, ನಡೆಸುವುದು ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಎಂಬ ಸಂಸ್ಥೆ, ಹಡಗು ಎಂ.ವಿ. ಕವರತ್ತಿ. ರಾತ್ರಿ ಹಡಗು ಸಾಗುತ್ತದೆ, ಬೆಳಿಗ್ಗೆ ಒಂದು ದ್ವೀಪದಲ್ಲಿ ಇಳಿಸುತ್ತಾರೆ, ಸಂಜೆ ವಾಪಸ್ ಹಡಗಿಗೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ಹೀಗೇ ನೋಡುವುದು. ಯಾವುದು ಮೊದಲು, ಯಾವುದು ಕೊನೆ ಎಂಬುದು ಹಡಗಿನ ವೇಳಾಪಟ್ಟಿಗೆ ಬಿಟ್ಟದ್ದು.

ಮಂಗಳೂರಿನವರಾದ ನಮಗೆ ಲಕ್ಷದ್ವೀಪದ ಹೆಸರು ಹೊಸತಲ್ಲ. ಇಲ್ಲಿನ ಹಳೆ ಬಂದರಿನಲ್ಲಿ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ತುಂಬಿಸಿಕೊಂಡು ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ಹೊರಡುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದಕ್ಕೂ ಹಿಂದೆ, 1780ರ ದಶಕದಲ್ಲಿ, ಕಣ್ಣೂರಿನ ಅರಸು ಮನೆತನದ ಕಾಟ ತಾಳಲಾರದೆ ಅಮಿನಿಯವರು ಟಿಪ್ಪುವಿನ ಮೊರೆ ಹೊಕ್ಕು ಮೈಸೂರಿನ ಕೈಕೆಳಗೆ ಬಂದಿದ್ದರು. ಇಷ್ಟೆಲ್ಲ ನಂಟು ಇದ್ದೂ ಪ್ರವಾಸಿ ಪ್ಯಾಕೇಜಿನಲ್ಲಿ ಹೋಗಬೇಕಾದರೆ ನಾವು ಕೊಚ್ಚಿಗೇ ರೈಲು ಹತ್ತಬೇಕು, ಏನು ಮಾಡುವುದು!

ಮೊದಲ ಕೆಲಸ ಪರ್ಮಿಟ್ಟಿನದು. ಭಾರತದವರೇ ಆದರೂ ದ್ವೀಪದವರಲ್ಲದವರು ಅನುಮತಿ ಇಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ. ಇದಕ್ಕೆ 1967ರ ನಿಯಮಗಳಿವೆ. ನಮ್ಮ ಪೊಲೀಸ್ ಠಾಣೆಯಿಂದ ಕ್ಲಿಯರೆನ್ಸ್ ಪತ್ರ, ಆಧಾರ್, ಫೋಟೊ ಇವನ್ನೆಲ್ಲ ಟಿಕೆಟ್ಟಿಗೆ ಕೈ ಹಾಕುವ ಮೊದಲೇ ಒಟ್ಟು ಮಾಡಿಟ್ಟುಕೊಂಡೆವು. ಠಾಣೆಯ ಪತ್ರಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಡಿಸೆಂಬರ್, ಜನವರಿಯ ಸೀಟುಗಳು ಬೇಗ ಮುಗಿಯುತ್ತವೆ. 2024ರ ಜನವರಿಯಲ್ಲಿ ಪ್ರಧಾನಿ ಹೋಗಿಬಂದ ಮೇಲಂತೂ ಎಲ್ಲರ ಬಾಯಲ್ಲೂ ಲಕ್ಷದ್ವೀಪವೇ.

ಕ್ಯಾಬಿನ್ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಎರಡು ಮಂಚದ ಡೈಮಂಡ್ ಕ್ಲಾಸಿಗೆ ದುಡ್ಡು ಹಾಕಿ. ಗೋಲ್ಡ್ ಕ್ಲಾಸಿನಲ್ಲಿ ನಾಲ್ಕು ಮಂಚ, ಪರಿಚಯವಿಲ್ಲದವರ ಜೊತೆ ಹಂಚಿಕೊಳ್ಳಬೇಕಾದೀತು. ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗಕ್ಕೆ ಹತ್ತಿರ ಸಿಕ್ಕರೆ ಓಲಾಟ ಕಡಿಮೆ. ವಾಂತಿಯ ಮಾತ್ರೆಯನ್ನು ಡಾಕ್ಟರರನ್ನು ಕೇಳಿ ಹಡಗು ಹೊರಡುವ ಮೊದಲೇ ನುಂಗಬೇಕು, ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಚಳಿಗಾಲದಲ್ಲಿ ಕಡಲು ಶಾಂತವಾಗಿರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ಮಾತೇ ಬೇಡ.

ವಿಲಿಂಗ್ಡನ್ ದ್ವೀಪದ ಧಕ್ಕೆಯಲ್ಲಿ ಹಡಗು ಹತ್ತುವಾಗಲೇ ಒಂದು ವಿಷಯ ಸ್ಪಷ್ಟವಾಯಿತು. ಸುಮಾರು ಏಳುನೂರು ಜನ ಹಿಡಿಸುವ ಈ ಹಡಗು ಪ್ರವಾಸಿಗಳಿಗಾಗಿ ಇರುವುದಲ್ಲ, ದ್ವೀಪದವರಿಗೆ ಅದು ಊರಿನ ಬಸ್ಸು. ಎರ್ನಾಕುಲಂ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಹೊರಟ ಅಜ್ಜಿ, ರಜೆಗೆ ಊರಿಗೆ ಹೊರಟ ಕಾಲೇಜು ಹುಡುಗಿಯರು, ವಾಷಿಂಗ್ ಮೆಷಿನ್ನಿನ ಪೆಟ್ಟಿಗೆ ಕಾಯುತ್ತ ಕೂತ ಹೊಸ ಮದುಮಗ. ನಮ್ಮ ಗುಂಪಿನ ಕೆಲವರು ಇದಕ್ಕೇ ಮೂಗು ಮುರಿದರು. ನನಗೆ ಪ್ರವಾಸದಲ್ಲಿ ಹೆಚ್ಚು ಸೇರಿದ್ದೇ ಇದು. ಸಂಜೆ ಡೆಕ್ಕಿನ ಮೇಲೆ ಅಮಿನಿಯ ಒಬ್ಬರು ಹಿರಿಯರು ನಾವು ಮಂಗಳೂರಿನವರೆಂದು ಗೊತ್ತಾದ ಕೂಡಲೇ ಬಂದರಿನ ಗಲ್ಲಿಗಳ ಹೆಸರು ಒಂದೊಂದಾಗಿ ಹೇಳತೊಡಗಿದರು. ತೆಂಗಿನ ನಾರಿನ ಹುರಿ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಅಪ್ಪನ ಕಾಲದ ಕಥೆ ಹೇಳಿದರು. ಅವರ ಜೆಸರಿ ಮಲಯಾಳ, ನಮ್ಮ ಬ್ಯಾರಿ ಬೆರೆತ ಮಲಯಾಳ, ಹೇಗೋ ಮಾತು ಸಾಗಿತು.

ದ್ವೀಪಕ್ಕೆ ಇಳಿಯುವುದೇ ದೊಡ್ಡ ಕಸರತ್ತು. ಹವಳದ ದಿಬ್ಬ ಸುತ್ತುವರಿದ ಲಗೂನಿನಲ್ಲಿ ಆಳ ಕಡಿಮೆ, ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಕಲ್ಪೇನಿಯಲ್ಲಿ ಹಡಗು ಹೊರಗಡಲಲ್ಲೇ ನಿಂತಿತು, ಬದಿಯ ಬಾಗಿಲು ತೆರೆಯಿತು, ಕೆಳಗೆ ದೋಣಿ ಏರುತ್ತ ಇಳಿಯುತ್ತ ಇತ್ತು. “ನನಗೆ ಈಜು ಬರುವುದಿಲ್ಲ ಮಾರಾಯ್ತಿ, ನೀನು ಹೋಗಿ ಬಾ” ಎಂದು ಇವರು ಬಾಗಿಲಲ್ಲೇ ನಿಂತರು. ಗುಟ್ಟು ಇಷ್ಟೇ: ಕೆಳಗೆ ನೋಡಬಾರದು, ನಾವಾಗಿ ಹಾರಲೂಬಾರದು. ಅಲೆಯೊಡನೆ ದೋಣಿ ಮೇಲೆ ಬಂದ ಗಳಿಗೆಯಲ್ಲಿ ಹಡಗಿನವನೊಬ್ಬ, ದೋಣಿಯವನೊಬ್ಬ ರಟ್ಟೆ ಹಿಡಿದು ದಾಟಿಸುತ್ತಾರೆ. ಎರಡೂ ಕೈ ಖಾಲಿ ಇರಬೇಕು. ಆದ್ದರಿಂದ ಬೆನ್ನಿಗೆ ಹಾಕುವ ಸಣ್ಣ ಚೀಲ, ಹಿಂದೆ ಪಟ್ಟಿ ಇರುವ ಚಪ್ಪಲಿ, ಮೊಬೈಲಿಗೆ ನೀರು ಹೋಗದ ಕವರು. ಸೀರೆ ಬೇಡ, ಚೂಡಿದಾರವೇ ಸರಿ. ಮಂಡಿ ನೋವು ಜೋರಾಗಿದ್ದವರು ಈ ಒಂದು ಕಾರಣಕ್ಕೇ ಎರಡು ಸಲ ಯೋಚಿಸುವುದು ಮೇಲು. ಇವರು ಕೊನೆಗೂ ಇಳಿದರು, ಆಮೇಲೆ ಬೇರೆಯವರಿಗೆ ಉಪದೇಶ ಮಾಡಿದ್ದೇ ಮಾಡಿದ್ದು.

ಕಲ್ಪೇನಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲ್ ಮಾಡಿದೆವು. ಈಜು ಬಾರದ ಇವರೂ ಒಬ್ಬ ಹುಡುಗನ ಕೈ ಹಿಡಿದು ನೀರಿಗೆ ಮುಖ ಇಟ್ಟು ಹಸಿರು, ನೀಲಿ ಮೀನು ನೋಡಿದರು. ಪೂರ್ವದ ದಂಡೆಗೆ ನಡೆದು ಹೋದರೆ ಹವಳದ ಚೂರುಗಳ ದಿಬ್ಬವೇ ಇದೆ, 1847ರ ಚಂಡಮಾರುತ ಎತ್ತಿ ಹಾಕಿದ್ದು. ಒಂದು ಚೂರನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ, ಕಾನೂನಿನ ಪ್ರಕಾರ ಅಪರಾಧ.

ಕವರತ್ತಿ ರಾಜಧಾನಿ. ಸ್ಕೂಟರು, ಕಚೇರಿ, ಶಾಲೆ ಎಲ್ಲ ಇರುವ ಊರು. ಉಜ್ರಾ ಮಸೀದಿಯ ಮರದ ಕೆತ್ತನೆ ಚಂದ, ಗಾಜಿನ ತಳದ ದೋಣಿ ಎಲ್ಲರೂ ಹತ್ತುವಂಥದ್ದು. ಎಂಜಿನಿಯರಾದ ಇವರಿಗೆ ಬೇಕಾಗಿದ್ದದ್ದು ಮಾತ್ರ ಅಲ್ಲಿನ ನೀರಿನ ಸ್ಥಾವರ. ದ್ವೀಪದ ಮರಳಿನಡಿ ಉಪ್ಪುನೀರಿನ ಮೇಲೆ ಸಿಹಿನೀರು ತೆಳುವಾಗಿ ತೇಲುತ್ತಿರುತ್ತದೆ, ಹೆಚ್ಚು ಎತ್ತಿದರೆ ಬಾವಿಯೇ ಉಪ್ಪಾಗುತ್ತದೆ. ಅದಕ್ಕೆ 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕಡಲ ನೀರನ್ನು ಸಿಹಿ ಮಾಡುವ, ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರ ಕಟ್ಟಿದರು. ಮೇಲಿನ ಬೆಚ್ಚಗಿನ ನೀರನ್ನು ಒತ್ತಡ ತಗ್ಗಿಸಿ ಆವಿ ಮಾಡುವುದು, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ನೀರಾಗಿಸುವುದು. ಇದನ್ನು ಕೇಳಿದ ಮೇಲೆ ದ್ವೀಪದಲ್ಲಿ ನಲ್ಲಿ ತಿರುಗಿಸುವಾಗ ನನ್ನ ಕೈ ತಾನಾಗಿ ಬಿಗಿಯಾಯಿತು.

ಮೂರರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಮಿನಿಕಾಯ್ ಅನ್ನುತ್ತೇನೆ. ಉಳಿದ ದ್ವೀಪಗಳಿಂದ ಒಂಬತ್ತು ಡಿಗ್ರಿ ಕಾಲುವೆ ಎಂಬ ಅಗಲದ ಕಡಲಿನ ಆಚೆ, ಮಾಲ್ದೀವ್ಸ್‌ಗೆ ಹತ್ತಿರ. ಮಾತು ಮಹಲ್, ಬಲದಿಂದ ಎಡಕ್ಕೆ ಬರೆಯುವ ಥಾನಾ ಲಿಪಿ. ಪ್ರತಿ ಹಳ್ಳಿಗೂ ಬಣ್ಣ ಬಳಿದ ತನ್ನದೇ ಓಟದ ದೋಣಿ. ಗಂಡಸರಲ್ಲಿ ಅನೇಕರು ದೇಶವಿದೇಶದ ಹಡಗುಗಳಲ್ಲಿ ದುಡಿಯುತ್ತಾರೆ, ಮನೆ, ಊರು ನೋಡಿಕೊಳ್ಳುವುದು ಹೆಂಗಸರು. 1885ರ ಲೈಟ್‌ಹೌಸಿನ ಮೆಟ್ಟಿಲು ಹತ್ತಿದರೆ ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ಲಗೂನು. ಇಲ್ಲಿ ಬಲೆ ಹಾಕುವುದಕ್ಕಿಂತ ಗಾಳದ ಕೋಲಿನಲ್ಲಿ ಒಂದೊಂದೇ ಸೂರೆ (ಟ್ಯೂನಾ) ಮೀನು ಎತ್ತುವುದು ಹೆಚ್ಚು. ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿದ ‘ಮಾಸ್’ ಮರದ ತುಂಡಿನಷ್ಟು ಗಟ್ಟಿ. ಮನೆಗೆ ತಂದು ತುರಿದು ಕಾಯಿ ಚಟ್ನಿಗೆ ಹಾಕಿದೆ, ಗಂಜಿಗೆ ಬಹಳ ಲಾಯಕ್ಕಾಯಿತು.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಡಗಿನಲ್ಲಿ ಇಡ್ಲಿ, ಉಪ್ಪಿಟ್ಟು, ಅನ್ನ, ಸಾರು. ದ್ವೀಪದಲ್ಲಿ ಮಧ್ಯಾಹ್ನ ಅನ್ನ, ಮೀನು. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ತಿಳಿಸಿ, ಜೊತೆಗೆ ಚಕ್ಕುಲಿ, ಅವಲಕ್ಕಿ ಇರಲಿ. ಮದ್ಯ ಈ ದ್ವೀಪಗಳಲ್ಲಿ ನಿಷೇಧ. ಕಡಲ ತೀರದಲ್ಲೂ ಮೈಮುಚ್ಚುವ ಬಟ್ಟೆ ಹಾಕಿ, ಅಲ್ಲಿಯ ಜನ ಹಾಗೇ ಇರುವವರು. ನಗದು ಇಟ್ಟುಕೊಳ್ಳಿ. ನಡುಗಡಲಲ್ಲಿ ಸಿಗ್ನಲ್ ಇಲ್ಲ.

ಹಡಗು ತಡವಾಗುವುದೂ ಉಂಟು. ಅದಕ್ಕೇ ಕೊಚ್ಚಿಯಿಂದ ವಾಪಸಿನ ರೈಲನ್ನು ಹಡಗು ಬರುವ ದಿನಕ್ಕೆ ಮಾಡಿಸದೆ ಮರುದಿನಕ್ಕೆ ಮಾಡಿಸಿದ್ದೆವು, ಒಂದು ರಾತ್ರಿಯ ಲಾಡ್ಜಿನ ಖರ್ಚು ಹೋದರೂ ಹೋಗಲಿ ಎಂದು. ಮುಂದಿನ ಸಲ ಕಡಮತ್‌ನಲ್ಲಿ ಉಳಿದುಕೊಳ್ಳುವ ಪ್ಯಾಕೇಜು ನೋಡುತ್ತಿದ್ದೇವೆ. ಇವರು ಈಗ ಈಜು ಕಲಿಯಲು ಮಂಗಳಾ ಈಜುಕೊಳಕ್ಕೆ ಹೋಗುತ್ತಿದ್ದಾರೆ.